ಹುಲ್ಲಿನ ಮಷೀನು ನಿಂತರೆ ಮಾಲಿಯ ಪಗಾರಕ್ಕೆ ಕತ್ತರಿಯೇಕೆ?

ಮಳೆಗಾಲ ಹಿಡಿಯಿತೆಂದರೆ ಹೈದರಾಬಾದಿನ ಹುಲ್ಲನ್ನು ಹಿಡಿದು ನಿಲ್ಲಿಸುವವರಿಲ್ಲ. ನಾಂಪಳ್ಳಿಯ ಬಾಗ್-ಎ-ಆಮ್ ಇರಲಿ, ಹುಸೇನ್ ಸಾಗರದ ದಂಡೆಯ ಸಂಜೀವಯ್ಯ ಪಾರ್ಕ್ ಇರಲಿ, ದೊಡ್ಡ ಹೋಟೆಲುಗಳ ಮುಂದಿನ ಅಂಗಳವಿರಲಿ, ಮದುವೆ ಹಾಲುಗಳ ಹುಲ್ಲುಹಾಸಿರಲಿ, ಗಚ್ಚಿಬೌಲಿ ಕಡೆಯ ಕಂಪೆನಿಗಳ ಆವರಣವಿರಲಿ, ಹತ್ತು ದಿನ ಕೈಬಿಟ್ಟರೆ ಸಾಕು, ಪಾದ ಕಾಣದಂತೆ ಬೆಳೆದು ನಿಲ್ಲುತ್ತದೆ. ಆ ಹುಲ್ಲನ್ನು ಹದಕ್ಕೆ ತರುವ ಯಂತ್ರದ ಹಿಂದೆ ಬಿಸಿಲು ಮಳೆಯೆನ್ನದೆ ನಡೆಯುವವರು ಮಾಲಿಗಳು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಹೊಟ್ಟೆಪಾಡಿಗಾಗಿ ಈ ಶಹರಕ್ಕೆ ಬಂದ ನಮ್ಮ ಜನರೂ ಅವರಲ್ಲಿದ್ದಾರೆ. ಬೆಳಿಗ್ಗೆ ಹೋಟೆಲಿನ ಹುಲ್ಲು ಕತ್ತರಿಸಿ ಸಂಜೆ ಅದೇ ಹುಲ್ಲಿನ ಮೇಲೆ ಊಟದ ಮೇಜು ಹೊರುವವರುಂಟು. ಮಿಲ್ಲು ಮುಚ್ಚಿದ ಮೇಲೆ ಗುತ್ತೇದಾರನ ಕೈಕೆಳಗೆ ತೋಟದ ಕೆಲಸಕ್ಕೆ ಸೇರಿದವರೂ ಉಂಟು. ಆದಕಾರಣ ಹುಲ್ಲು ಕತ್ತರಿಸುವ ಮಷೀನಿನ ವಿಷಯ ನಮ್ಮ ಪತ್ರಿಕೆಗೆ ಹೊರಗಿನದೆಂದು ಯಾರೂ ತಿಳಿಯಬಾರದು.

ಈ ಮಷೀನು ಒಂದು ದಿನ ನಿಂತುಬಿಡುತ್ತದೆ. ಹಗ್ಗ ಎಳೆದು ಎಳೆದು ರಟ್ಟೆ ಸೋತರೂ ಎಂಜಿನ್ ಚಾಲೂ ಆಗುವುದಿಲ್ಲ. ಸೂಪರ್‌ವೈಜರ್ ಬರುತ್ತಾನೆ. ಮಷೀನಿನ ಮುಚ್ಚಳವನ್ನೂ ತೆಗೆಯದೆ, ಎದುರಿಗೆ ನಿಂತ ಮಾಲಿಯ ಮುಖ ನೋಡಿ, “ನೀನೇ ಕೆಡಿಸಿದೆ” ಎಂದು ತೀರ್ಪು ಕೊಡುತ್ತಾನೆ. ತಿಂಗಳ ಕೊನೆಗೆ ಪಗಾರ ಎಣಿಸಿದರೆ ಮಿಸ್ತ್ರಿಯ ಖರ್ಚೆಂದು ಅಷ್ಟು ರೂಪಾಯಿ ಕಡಿಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ.

ನಮ್ಮ ಅಭಿಪ್ರಾಯ ಇಷ್ಟೆ. ಮಷೀನು ಕೆಡುವುದಕ್ಕೆ ಕಾರಣಗಳುಂಟು. ಆ ಕಾರಣಗಳನ್ನು ಒಂದು ಕ್ರಮದಿಂದ ಹುಡುಕಬಹುದು. ಹುಡುಕಿದರೆ ಅವುಗಳಲ್ಲಿ ಬಹಳಷ್ಟು ಹಳಸಿದ ಪೆಟ್ರೋಲು, ಧೂಳು ಕಟ್ಟಿದ ಜಾಳಿಗೆ, ಮೊಂಡಾದ ಬ್ಲೇಡು ಇವುಗಳಿಂದ ಬಂದವೆಂದು ತಿಳಿಯುತ್ತದೆ. ಅಂದರೆ ಸಾಮಾನೂ ಸಮಯವೂ ಕೊಡದವರಿಂದ ಬಂದವು. ಕಾರಣ ಹುಡುಕದೆ ಪಗಾರ ಕಡಿಯುವುದು ಅನ್ಯಾಯ. ಹಾಗೆಯೇ ಕಾರಣ ಹುಡುಕುವುದನ್ನು ಕಲಿಯದೆ ತಲೆ ತಗ್ಗಿಸಿ ನಿಲ್ಲುವುದು ನಮ್ಮ ಬಲಹೀನತೆ. ಯಂತ್ರವನ್ನು ಬಲ್ಲ ಕೆಲಸಗಾರನ ತಲೆಗೆ ಸುಳ್ಳು ತಪ್ಪು ಕಟ್ಟುವುದು ಅಷ್ಟು ಸುಲಭವಲ್ಲ.

ಮಿಲ್ಲಿನಲ್ಲಿ ಹುಟ್ಟಿದ ಯಂತ್ರ

ಮಿಲ್ ಕಾಮಗಾರ ಬಂಧುಗಳಿಗೆ ಒಂದು ಸಂಗತಿ ಹೇಳಬಯಸುತ್ತೇವೆ. ಈ ಯಂತ್ರ ಹುಟ್ಟಿದ್ದು ತೋಟದಲ್ಲಲ್ಲ, ಬಟ್ಟೆಯ ಮಿಲ್ಲಿನಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಸುತ್ತ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ನವಿರನ್ನು ಸಮನಾಗಿ ಕತ್ತರಿಸಲು ಅಲ್ಲಿ ಒಂದು ಯಂತ್ರವಿತ್ತು. ಉರುಳೆಯ ಮೇಲೆ ಸುರುಳಿಯಾಗಿ ಕೂಡಿಸಿದ ಅಲಗುಗಳು, ಅವುಗಳ ಕೆಳಗೆ ಕದಲದೆ ನಿಂತ ಒಂದು ಅಲಗು. ಉರುಳೆ ತಿರುಗಿದಂತೆ ಎರಡರ ನಡುವೆ ಸಿಕ್ಕ ನವಿರು ಕತ್ತರಿಸಿ ಹೋಗುತ್ತಿತ್ತು. ಎಡ್ವಿನ್ ಬಡ್ಡಿಂಗ್ ಎಂಬ ಅಲ್ಲಿನ ಯಂತ್ರಕುಶಲಿಗೆ, ಬಟ್ಟೆಯ ನವಿರನ್ನು ಕತ್ತರಿಸುವುದು ಹುಲ್ಲನ್ನೇಕೆ ಕತ್ತರಿಸಬಾರದು ಎಂದು ಹೊಳೆಯಿತು. 1830ರಲ್ಲಿ ಅವನು ತನ್ನ ಯಂತ್ರಕ್ಕೆ ಪೇಟೆಂಟು ಪಡೆದ. ಜಾನ್ ಫೆರಾಬಿ ಎಂಬ ಫೌಂಡ್ರಿಯ ಮಾಲೀಕ ಅದನ್ನು ತಯಾರಿಸಲು ಹಣ ಹಾಕಿದ. ತಿರುಪಿನಿಂದ ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಪಾನಾ ಒಂದನ್ನು ರೂಪಿಸಿದ ಕೀರ್ತಿಯೂ ಇದೇ ಬಡ್ಡಿಂಗನಿಗೆ ಸಲ್ಲುತ್ತದೆ.

ಊರ ಸಿರಿವಂತರು ತಾವೇ ಈ ಯಂತ್ರವನ್ನು ತಳ್ಳಿದರೆ ಅವರಿಗೆ ವಿನೋದವೂ ಆದೀತು, ವ್ಯಾಯಾಮವೂ ಆದೀತು ಎಂಬ ಆಸೆಯನ್ನು ಬಡ್ಡಿಂಗ್ ತನ್ನ ಪೇಟೆಂಟಿನ ಬರಹದಲ್ಲಿಯೇ ತೋರಿಸಿದ್ದ. ಇನ್ನೂರು ವರ್ಷ ತುಂಬುತ್ತ ಬಂತು. ನಮ್ಮ ಶಹರದಲ್ಲಿ ಸಿರಿವಂತರು ವ್ಯಾಯಾಮಕ್ಕೆ ಬೇರೆ ಜಾಗ ಹುಡುಕಿಕೊಂಡಿದ್ದಾರೆ. ಮಷೀನು ತಳ್ಳುವ ಭಾಗ್ಯ ಮಾಲಿಗೇ ಉಳಿದಿದೆ.

ಬಡ್ಡಿಂಗನ ಜಾತಿಯ ಉರುಳೆ ಮಷೀನು ಇಂದಿಗೂ ಕ್ರಿಕೆಟ್ ಮೈದಾನ, ಗಾಲ್ಫ್ ಮೈದಾನಗಳಲ್ಲಿ ಉಪಯೋಗದಲ್ಲಿದೆ. ಅದು ಕತ್ತರಿಯಂತೆ ಕೆಲಸ ಮಾಡುತ್ತದೆ. ಹೋಟೆಲು, ಕಂಪೆನಿಗಳ ಆವರಣದಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಜಾತಿ. ಅದರಲ್ಲಿ ತಗಡಿನ ಗೂಡಿನ ಕೆಳಗೆ ಒಂದೇ ಅಡ್ಡ ಬ್ಲೇಡು ಫ್ಯಾನಿನ ಹಾಗೆ ತಿರುಗಿ, ಕುಡುಗೋಲಿನಂತೆ ಹುಲ್ಲನ್ನು ಬೀಸಿ ಹೊಡೆಯುತ್ತದೆ. ಪೆಟ್ರೋಲ್ ಎಂಜಿನ್ನಿನ ಈ ಎರಡನೆಯ ಜಾತಿಯ ಬಗ್ಗೆಯೇ ನಾವು ಇಲ್ಲಿ ಮುಖ್ಯವಾಗಿ ಹೇಳುತ್ತಿದ್ದೇವೆ.

ಮೊದಲು ಕೈ, ಆಮೇಲೆ ಮಷೀನು

ರಿಪೇರಿಯ ಮಾತಿಗೆ ಮುಂಚೆ ಬೆರಳುಗಳ ಮಾತು. 20 ಇಂಚಿನ ಬ್ಲೇಡು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 280 ಕಿಲೋಮೀಟರನ್ನು ಮೀರುತ್ತದೆ. ಸಿಕಂದರಾಬಾದ್ ಸ್ಟೇಷನ್ನಿನಿಂದ ಹೊರಡುವ ಯಾವ ರೈಲೂ ಅಷ್ಟು ಜೋರಾಗಿ ಓಡುವುದಿಲ್ಲ. ಅಂಥ ಬ್ಲೇಡಿನ ಹತ್ತಿರ ಕೈ ಹಾಕುವ ಮುನ್ನ ಮಾಡಬೇಕಾದ ಕೆಲಸ ಒಂದೇ ಒಂದು. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ತಲೆಯ ಮೇಲಿನ ದಪ್ಪ ವೈರನ್ನು ಕಿತ್ತು, ಅದು ಮತ್ತೆ ಪ್ಲಗ್ಗಿಗೆ ತಗಲದಂತೆ ದೂರ ಸರಿಸಿಡಬೇಕು. ಎಂಜಿನ್ ನಿಂತಿದೆಯಲ್ಲ ಎಂದು ಧೈರ್ಯ ಮಾಡುವಂತಿಲ್ಲ. ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಒಳಗಿನ ಪಿಸ್ಟನ್ನೂ ಚಲಿಸುತ್ತದೆ. ವೈರು ಇದ್ದಲ್ಲಿಯೇ ಇದ್ದರೆ ಒಂದು ಕಿಡಿ ಹಾರಿ ಎಂಜಿನ್ ಒಮ್ಮೆ ಉಸಿರಾಡಬಹುದು. ಆ ಒಂದು ಉಸಿರು ಸಾಕು, ಬೆರಳು ಉಳಿಯುವುದಿಲ್ಲ. ಕರೆಂಟಿನ ಮಷೀನಾದರೆ ಗೋಡೆಯ ಪ್ಲಗ್ಗನ್ನೇ ಕಿತ್ತು, ಅದು ತನ್ನ ಕಣ್ಣೆದುರಿಗಿರುವಂತೆ ಇಟ್ಟುಕೊಳ್ಳಬೇಕು. ಒದ್ದೆ ಹುಲ್ಲಿನ ಮೇಲೆ ಕರೆಂಟಿನ ಮಷೀನು ಓಡಿಸಲೇಬಾರದು.

ಹಿಡಿಕೆಯ ಬಳಿ ಒಂದು ಸರಳು ಇರುತ್ತದೆ. ಅದನ್ನು ಒತ್ತಿ ಹಿಡಿದಿದ್ದರೆ ಮಾತ್ರ ಬ್ಲೇಡು ತಿರುಗಬೇಕು, ಕೈಬಿಟ್ಟರೆ ನಿಲ್ಲಬೇಕು. ಅಮೆರಿಕದಲ್ಲಿ ಮನೆಬಳಕೆಯ ಇಂಥ ಮಷೀನುಗಳಲ್ಲಿ ಕೈಬಿಟ್ಟ 3 ಸೆಕೆಂಡುಗಳೊಳಗೆ ಬ್ಲೇಡು ನಿಲ್ಲಬೇಕೆಂಬ ನಿಯಮ 1982ರಲ್ಲಿ ಜಾರಿಗೆ ಬಂತು. ಕೈ ನೋಯುತ್ತದೆಂದು ಆ ಸರಳನ್ನು ತಂತಿಯಿಂದ ಬಿಗಿದು ಕಟ್ಟುವ ರೂಢಿ ಕೆಲವು ಕಡೆ ಇದೆ. ಇದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಕೆಲಸ ಬೇಗ ಮುಗಿಯಲೆಂದು ಮೇಲಿನವನೇ ಕಟ್ಟಲು ಹೇಳಿದರೆ, ಒಲ್ಲೆನೆನ್ನುವ ಹಕ್ಕು ಕೆಲಸಗಾರನಿಗುಂಟು. ಕಾದ ಎಂಜಿನ್ನಿಗೆ ಪೆಟ್ರೋಲ್ ಸುರಿಯುವುದು, ಬಾಯಲ್ಲಿ ಬೀಡಿ ಇಟ್ಟುಕೊಂಡು ಟ್ಯಾಂಕು ತೆರೆಯುವುದು ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಚಾಲೂ ಆಗದಿದ್ದರೆ

ಎಂಜಿನ್ನಿಗೆ ಬೇಕಾದದ್ದು ಮೂರು: ಪೆಟ್ರೋಲು, ಕಿಡಿ, ಗಾಳಿ. ಅಡಿಗೆಮನೆಯ ಒಲೆಗೆ ಸೌದೆ, ಬೆಂಕಿಕಡ್ಡಿ, ಗಾಳಿ ಬೇಕಾದಂತೆಯೇ ಇದು. ಮೂರರಲ್ಲಿ ಯಾವುದು ಇಲ್ಲವೆಂದು ಕ್ರಮವಾಗಿ ನೋಡಬೇಕೇ ಹೊರತು ಕಂಡ ಕಂಡ ಬೋಲ್ಟು ಬಿಚ್ಚಬಾರದು.

ಮೊದಲು ಪೆಟ್ರೋಲು. ಟ್ಯಾಂಕಿನಲ್ಲಿ ಇದೆಯೇ? ಕೆಳಗಿನ ನಲ್ಲಿ ತೆರೆದಿದೆಯೇ? ತುಂಬಿ ಎಷ್ಟು ದಿನವಾಯಿತು? ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಹಳಸುತ್ತದೆ. ಅದರ ಹಗುರವಾದ ಅಂಶ ಆರಿಹೋಗಿ, ಉಳಿದದ್ದು ಅಂಟಾಗಿ ಕಾರ್ಬೊರೇಟರಿನ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಈಗ ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಹಂತ ಬಂದಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಎಳೆದುಕೊಳ್ಳುವುದು ತಳದಿಂದಲೇ. ಸಣ್ಣ ಎಂಜಿನ್ ತಯಾರಿಸುವ ಹಲವು ಕಂಪೆನಿಗಳು ಎಥನಾಲ್ ಶೇಕಡಾ 10ಕ್ಕಿಂತ ಹೆಚ್ಚಿರಬಾರದೆಂದು ತಮ್ಮ ಕೈಪಿಡಿಗಳಲ್ಲಿಯೇ ಬರೆದಿವೆ. ಈಗ ಹೇಳಿ, ಬೇಸಗೆಯೆಲ್ಲ ಷೆಡ್ಡಿನಲ್ಲಿ ಬಿದ್ದಿದ್ದ ಮಷೀನು ಜೂನಿನ ಮೊದಲ ಮಳೆಗೆ ಚಾಲೂ ಆಗದಿದ್ದರೆ ಅದು ಮಾಲಿಯ ತಪ್ಪೇ?

ಇದಕ್ಕೆ ಉಪಾಯ ಸುಲಭ. ಹಳೆಯ ಪೆಟ್ರೋಲು ಇಳಿಸಿ ಹೊಸದು ಹಾಕಬೇಕು. ಕಾರ್ಬೊರೇಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿ, ತಳದ ನೀರನ್ನೂ ಅಂಟನ್ನೂ ಒರೆಸಬೇಕು. ಒಳಗಿನ ಸಣ್ಣ ರಂಧ್ರವನ್ನು ಪಂಪಿನ ಗಾಳಿಯಿಂದ ಊದಿ ಬಿಡಿಸಬೇಕು. ಅದಕ್ಕೆ ಹೊಲಿಗೆಯ ಸೂಜಿ ಹಾಕಬಾರದು. ರಂಧ್ರ ದೊಡ್ಡದಾದರೆ ಎಂಜಿನ್ ಹೆಚ್ಚು ಪೆಟ್ರೋಲು ಕುಡಿದು ಕಪ್ಪು ಹೊಗೆ ಕಾರುತ್ತದೆ. ಮಷೀನನ್ನು ಬಹಳ ದಿನ ಮೂಲೆಗಿಡುವ ಮುಂಚೆ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಬಿಟ್ಟರೆ ಈ ಕಷ್ಟವೇ ಬರುವುದಿಲ್ಲ.

ಎರಡನೆಯದು ಕಿಡಿ. ಪ್ಲಗ್ಗನ್ನು ಬಿಚ್ಚಿ ಅದರ ಮುಖ ನೋಡಿದರೆ ಎಂಜಿನ್ನಿನ ನಾಡಿ ಹಿಡಿದಂತೆ. ತಿಳಿ ಕಂದು ಬಣ್ಣವಿದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಹಿಡಿದಿದ್ದರೆ ಗಾಳಿ ಸಾಲದು, ಅಥವಾ ಚೋಕ್ ಮುಚ್ಚಿಯೇ ಓಡಿಸಿದ್ದಾರೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿ ಬರುತ್ತಿಲ್ಲ, ಅಥವಾ ಹೆಚ್ಚು ಎಳೆದು ಮುಳುಗಿಸಿದ್ದಾರೆ. ಎಣ್ಣೆಯ ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಮೇಲೇರಿದೆ. ಮಸಿಯನ್ನು ತಂತಿಯ ಬ್ರಷ್ಷಿನಿಂದ ತೆಗೆದು, ಎರಡು ತುದಿಗಳ ನಡುವಿನ ಸಂದನ್ನು ನೋಡಬೇಕು. ಹೆಚ್ಚಿನ ಸಣ್ಣ ಎಂಜಿನ್ನುಗಳಲ್ಲಿ ಅದು 0.7ರಿಂದ 0.8 ಮಿಲಿಮೀಟರ್. ವೈರು ಚುಚ್ಚಿ, ಪ್ಲಗ್ಗಿನ ಲೋಹವನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ, ಹಿಡಿಕೆಯ ಸರಳನ್ನು ಒಬ್ಬರು ಒತ್ತಿ ಹಗ್ಗ ಎಳೆದರೆ ಕಿಡಿ ಕಾಣಬೇಕು. ಸರಳು ಒತ್ತದಿದ್ದರೆ ಕಿಡಿ ಬಾರದು. ಅದನ್ನು ಮರೆತು ಒಳ್ಳೆಯ ಪ್ಲಗ್ಗನ್ನು ಎಸೆದವರುಂಟು. ಈ ಪರೀಕ್ಷೆಯನ್ನು ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ ಮಾಡಬೇಕು, ಏತಕ್ಕೆಂದರೆ ಅಲ್ಲಿ ಪೆಟ್ರೋಲಿನ ಆವಿ ಇರುತ್ತದೆ.

ಮೂರನೆಯದು ಗಾಳಿ. ಜಾಳಿಗೆಯ ಮುಚ್ಚಳ ತೆಗೆದು ನೋಡಿ. ಬೇಸಗೆಯ ಹೈದರಾಬಾದಿನ ಧೂಳು ಎಂಥದೆಂದು ನಮ್ಮ ಓದುಗರಿಗೆ ಹೇಳಬೇಕೆ? ಕಾಗದದ ಜಾಳಿಗೆಯಾದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬೇಕು, ತೀರ ಕಪ್ಪಾಗಿದ್ದರೆ ಬದಲಿಸಬೇಕು. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ನಾಲ್ಕು ಹನಿ ಆಯಿಲ್ ಹಿಂಡಿ ಕೂಡಿಸಬೇಕು. ಜಾಳಿಗೆಯೇ ಇಲ್ಲದೆ ಓಡಿಸಿದರೆ ಧೂಳು ಸಿಲಿಂಡರಿಗೆ ಹೋಗಿ ಎಂಜಿನ್ನನ್ನೇ ಉಜ್ಜಿ ತೆಗೆಯುತ್ತದೆ.

ಮೂರೂ ಸರಿಯಿದ್ದು ಆದರೂ ಎಂಜಿನ್ ಹಗ್ಗವನ್ನು ಹಿಂದಕ್ಕೆ ಜಗ್ಗಿದರೆ, ಬ್ಲೇಡು ಇತ್ತೀಚೆಗೆ ಕಲ್ಲಿಗೆ ಬಡಿದಿತ್ತೇ ಎಂದು ಕೇಳಬೇಕು. ನಮ್ಮ ಶಹರ ಬಂಡೆಗಲ್ಲಿನ ಮೇಲೆ ಕೂತ ಶಹರ. ಹುಲ್ಲಿನಲ್ಲಿ ಕಲ್ಲು ಅಡಗಿರುವುದು ಹೊಸದಲ್ಲ. ಎಂಜಿನ್ನಿನ ಫ್ಲೈವೀಲನ್ನು ಅದರ ದಂಡಕ್ಕೆ ಸರಿಯಾದ ಸ್ಥಾನದಲ್ಲಿ ಹಿಡಿದಿಡಲು ಬೆರಳ ತುದಿಯಷ್ಟರ ಒಂದು ಕೀ ಇರುತ್ತದೆ. ಹಲವು ಎಂಜಿನ್ನುಗಳಲ್ಲಿ ಅದನ್ನು ಬೇಕೆಂದೇ ಮೆತ್ತನೆಯ ಲೋಹದಿಂದ ಮಾಡಿರುತ್ತಾರೆ. ಪೆಟ್ಟು ಬಿದ್ದಾಗ ಆ ಕೀ ಕತ್ತರಿಸಿ ಹೋಗುತ್ತದೆ, ದೊಡ್ಡ ದಂಡ ಉಳಿಯುತ್ತದೆ. ಕೀ ಸರಿದರೆ ಕಿಡಿ ಹಾರುವ ಹೊತ್ತು ತಪ್ಪುತ್ತದೆ, ಎಂಜಿನ್ ಹತ್ತುವುದಿಲ್ಲ. ಎಂಜಿನ್ನಿನ ಬೆಲೆಯ ಮುಂದೆ ಈ ಕೀಯ ಬೆಲೆ ಏನೇನೂ ಅಲ್ಲ. ಆದರೆ ಅದನ್ನು ಅರಿಯದವನಿಗೆ “ಎಂಜಿನ್ನೇ ಹೋಯಿತು” ಎಂದು ಹೇಳಿ ದೊಡ್ಡ ಬಿಲ್ಲು ತೋರಿಸುವುದು ಸುಲಭ. ಆ ಬಿಲ್ಲಿನ ಭಾರ ಕೊನೆಗೆ ಯಾರ ಪಗಾರದ ಮೇಲೆ ಬೀಳುತ್ತದೆಂಬುದು ಗೊತ್ತಿರುವ ಮಾತೇ.

ನಿಂತು ನಿಂತು ಓಡಿದರೆ, ಹೊಗೆಯಾಡಿದರೆ, ನಡುಗಿದರೆ

ಹತ್ತು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಓಡುವ ಮಷೀನು ಇದ್ದರೆ ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ಸಡಿಲಿಸಿ ನೋಡಿ. ಮುಚ್ಚಳದ ಗಾಳಿರಂಧ್ರ ಕಟ್ಟಿದರೆ ಪೆಟ್ರೋಲು ಕೆಳಗಿಳಿಯುವುದಿಲ್ಲ. ಅದನ್ನು ಒರೆಸಿದರೆ ರೋಗ ವಾಸಿ, ಕಾಸೂ ಖರ್ಚಿಲ್ಲ.

ಬಿಳಿ ಅಥವಾ ನೀಲಿ ಹೊಗೆ ಬಂದರೆ ಆಯಿಲ್ ಹೆಚ್ಚು ತುಂಬಿದ್ದಾರೆ, ಇಲ್ಲವೆ ಮಷೀನನ್ನು ತಪ್ಪು ಮಗ್ಗುಲಿಗೆ ಮಲಗಿಸಿದ್ದಾರೆ. ಬ್ಲೇಡು ನೋಡಲು ಮಲಗಿಸುವಾಗ ಗಾಳಿಜಾಳಿಗೆಯೂ ಕಾರ್ಬೊರೇಟರೂ ಮೇಲುಗಡೆ ಬರುವಂತೆ ಮಲಗಿಸಬೇಕು. ಆಯಿಲ್ಲನ್ನು ಅಳತೆಯ ಕಡ್ಡಿಯ ಗೆರೆಯವರೆಗೆ ಮಾತ್ರ ತುಂಬಬೇಕು. ಹೊಸ ಎಂಜಿನ್ನಿನಲ್ಲಿ ಮೊದಲ 5 ಗಂಟೆ ಓಡಿದ ಮೇಲೆ, ಅನಂತರ ಸುಮಾರು 50 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕೆಂಬುದು ಹೆಚ್ಚಿನ ಕೈಪಿಡಿಗಳ ಮಾತು. ದಿನಕ್ಕೆ 5 ಗಂಟೆ ಓಡುವ ಮಷೀನಿಗೆ 50 ಗಂಟೆಯೆಂದರೆ ಹತ್ತೇ ದಿನ. ವರ್ಷಕ್ಕೊಮ್ಮೆ ಆಯಿಲ್ ಕೊಡುವ ಗುತ್ತೇದಾರ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ಮಷೀನು ನಡುಗತೊಡಗಿದರೆ ಆ ಗಳಿಗೆಯೇ ನಿಲ್ಲಿಸಬೇಕು. ಬ್ಲೇಡಿನ ಬೋಲ್ಟು ಸಡಿಲವಾಗಿರಬಹುದು, ಬ್ಲೇಡು ಬಾಗಿರಬಹುದು, ಅಥವಾ ಒಂದು ಮಗ್ಗುಲು ಭಾರವಾಗಿರಬಹುದು. ಬಾಗಿದ ಬ್ಲೇಡನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಬಾರದು. ಬಿರುಕು ಬಿಟ್ಟ ಉಕ್ಕು ಓಟದಲ್ಲಿ ತುಂಡಾಗಿ ಯಾರ ಕಾಲಿಗೆ ನೆಡುತ್ತದೆಂದು ಹೇಳಲಾಗದು. ಎಂಜಿನ್ನಿನ ದಂಡವೇ ಬಾಗಿದ್ದರೆ ಅದು ಮಿಸ್ತ್ರಿಯ ಕೆಲಸ.

ಬ್ಲೇಡು ಮೊಂಡಾದುದನ್ನು ಹುಲ್ಲೇ ಹೇಳುತ್ತದೆ. ಹರಿತವಾದ ಬ್ಲೇಡು ಹುಲ್ಲನ್ನು ಕತ್ತರಿಸುತ್ತದೆ, ಮೊಂಡು ಬ್ಲೇಡು ಹರಿಯುತ್ತದೆ. ಹರಿದ ತುದಿಗಳು ಎರಡು ದಿನದಲ್ಲಿ ಕಂದಾಗಿ ಹುಲ್ಲುಹಾಸೇ ಸುಟ್ಟಂತೆ ಕಾಣುತ್ತದೆ. ಆಗಲೂ ಬೈಗುಳ ಮಾಲಿಗೇ, “ನೀರು ಸರಿಯಾಗಿ ಬಿಟ್ಟಿಲ್ಲ” ಎಂದು. ಬ್ಲೇಡು ಬಿಚ್ಚಿ, ಮೊದಲಿದ್ದ ಓರೆಯಲ್ಲಿಯೇ ಅರದಿಂದ ಉಜ್ಜಿ, ನಡುವಿನ ರಂಧ್ರದಿಂದ ಗೋಡೆಯ ಮೊಳೆಗೆ ತೂಗುಹಾಕಬೇಕು. ಯಾವ ಕಡೆ ಇಳಿಯುತ್ತದೋ ಆ ಕಡೆ ಇನ್ನಷ್ಟು ಉಜ್ಜಬೇಕು. ತಕ್ಕಡಿಯಂತೆ ಸಮ ನಿಂತರೆ ಕೆಲಸ ಮುಗಿಯಿತು. ಉರುಳೆ ಮಷೀನಾದರೆ, ಪ್ಲಗ್ಗಿನ ವೈರು ಕಿತ್ತು, ಅಲಗುಗಳ ನಡುವೆ ಕಾಗದದ ಚೂರು ಹಿಡಿದು ಉರುಳೆಯನ್ನು ಕೋಲಿನಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಉದ್ದಕ್ಕೂ ಕಾಗದ ಕತ್ತರಿಸಿದರೆ ಸರಿ, ಮಡಚಿಕೊಂಡರೆ ಎರಡು ಅಲಗುಗಳನ್ನು ಹತ್ತಿರ ತರುವ ತಿರುಪನ್ನು ಸ್ವಲ್ಪ ಬಿಗಿ ಮಾಡಬೇಕು. ಮಿಲ್ಲಿನ ಫಿನಿಷಿಂಗ್ ಖಾತೆಯಲ್ಲಿ ದುಡಿದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಕಾಯಿದೆಯ ಮಾತು

ಇನ್ನು ಪಗಾರದ ವಿಷಯ. ನಷ್ಟದ ಹೆಸರಿನಲ್ಲಿ ಮನಸ್ಸಿಗೆ ಬಂದಷ್ಟು ಕಡಿಯುವ ಅಧಿಕಾರ ಯಾವ ಧಣಿಗೂ ಇಲ್ಲ. 1936ರ ವೇತನ ಪಾವತಿ ಕಾಯಿದೆಯ ಕಾಲದಿಂದಲೂ ಇದೇ ನ್ಯಾಯ. ಆ ಕಾಯಿದೆಯ ಸ್ಥಾನದಲ್ಲಿ ಬಂದು 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಸಾಮಾನಿಗೆ, ಅವನ ಅಲಕ್ಷ್ಯದಿಂದಲೋ ತಪ್ಪಿನಿಂದಲೋ ನೇರವಾಗಿ ನಷ್ಟವಾಗಿದ್ದರೆ ಮಾತ್ರ ಕಡಿಯಬಹುದು. ಕಡಿದ ಹಣ ಆದ ನಷ್ಟವನ್ನು ಮೀರಬಾರದು. ಕಡಿಯುವ ಮುಂಚೆ ಅವನ ಸಮಜಾಯಿಷಿ ಹೇಳಲು ಅವಕಾಶ ಕೊಡಬೇಕು. ಎಲ್ಲ ಬಗೆಯ ಕಡಿತಗಳೂ ಸೇರಿ ಪಗಾರದ ಅರ್ಧಕ್ಕಿಂತ ಹೆಚ್ಚಾಗಬಾರದು. ಗುತ್ತೇದಾರ ಪಗಾರ ಕೊಡದೆ ಕೈ ಎತ್ತಿದರೆ ಕೆಲಸ ನಡೆಯುವ ಸಂಸ್ಥೆಯ ಮಾಲೀಕರೇ ಹೊಣೆ.

“ಅಲಕ್ಷ್ಯದಿಂದ ನೇರವಾಗಿ” ಎಂಬ ಮಾತಿನ ಮೇಲೆ ನಮ್ಮ ಬಂಧುಗಳು ಬೆರಳಿಟ್ಟು ನಿಲ್ಲಬೇಕು. ಹಳಸಿದ ಪೆಟ್ರೋಲು ಮಾಲಿಯ ಅಲಕ್ಷ್ಯವಲ್ಲ. ಬದಲಿಸದ ಆಯಿಲ್ ಅವನ ಅಲಕ್ಷ್ಯವಲ್ಲ. ಆದರೆ ಇದನ್ನು ಬರೀ ಬಾಯಿಮಾತಿನಲ್ಲಿ ಹೇಳಿದರೆ ಕೇಳುವವರು ಯಾರು? “ಸಾಹೇಬರೇ, ಪ್ಲಗ್ಗು ನೋಡಿ, ಎಣ್ಣೆಯಿಂದ ಒದ್ದೆ, ಬಟ್ಟಲು ನೋಡಿ, ತಳದಲ್ಲಿ ನೀರು, ಆಯಿಲ್ ಕೇಳಿ ಬರೆದ ಚೀಟಿ ಇಲ್ಲಿದೆ” ಎಂದು ತೋರಿಸಿದರೆ ಸಮಜಾಯಿಷಿಗೆ ತೂಕ ಬರುತ್ತದೆ. ಕಾಯಿದೆ ಬಾಗಿಲು ತೆರೆದಿಟ್ಟಿದೆ. ಒಳಗೆ ಹೋಗಿ ಮಾತಾಡಲು ಯಂತ್ರದ ಅರಿವು ಬೇಕು.

ಎರಡು ಕಡೆಯ ಆಕ್ಷೇಪ

ಮಾಲೀಕರು ಹೇಳಬಹುದು: “ಕೆಲಸಗಾರರು ಮಷೀನನ್ನು ಒರಟಾಗಿ ಉಪಯೋಗಿಸುತ್ತಾರೆ, ಕಲ್ಲು ನೋಡುವುದಿಲ್ಲ, ಒದ್ದೆ ಹುಲ್ಲಿಗೆ ನುಗ್ಗಿಸುತ್ತಾರೆ.” ಕೆಲವು ಸಲ ಇದು ನಿಜವಿರಬಹುದು. ಒದ್ದೆ ಹುಲ್ಲು ಗೂಡಿನೊಳಗೆ ಮುದ್ದೆಗಟ್ಟಿ ಎಂಜಿನ್ನಿಗೆ ಹೊರೆಯಾಗುತ್ತದೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು ಎಂಬ ನಿಯಮವೂ ಉಂಟು. ಆದರೆ ಸಂಜೆ ಮದುವೆಯಿದೆ, ಮಳೆ ಬರಲಿ ಬಿಡಲಿ ಮಧ್ಯಾಹ್ನದೊಳಗೆ ಲಾನು ಸಿದ್ಧವಾಗಬೇಕೆಂದು ಅಪ್ಪಣೆ ಮಾಡಿದವರು ಯಾರು? ತಿಂಗಳಿಗೊಬ್ಬ ಹೊಸ ಆಳನ್ನು ತಂದು, ಒಂದು ಗಂಟೆಯೂ ಕಲಿಸದೆ ಮಷೀನು ಕೈಗೆ ಕೊಟ್ಟವರು ಯಾರು? ಕಲಿಸದೆ ಇದ್ದವರಿಗೆ ತಪ್ಪು ಎಣಿಸುವ ಹಕ್ಕು ಅರ್ಧ ಹೋದಂತೆಯೇ.

ನಮ್ಮವರೂ ಒಂದು ಆಕ್ಷೇಪ ಹೇಳುತ್ತಾರೆ. ಅದು ಇನ್ನೂ ಗಟ್ಟಿಯಾದದ್ದು. “ರಿಪೇರಿ ಕಲಿತರೆ ಮಾಲಿಯ ಪಗಾರಕ್ಕೆ ಮಿಸ್ತ್ರಿಯ ಕೆಲಸವನ್ನೂ ಹೊರಿಸುತ್ತಾರೆ” ಎಂದು. ಈ ಭಯಕ್ಕೆ ಆಧಾರವಿಲ್ಲವೆಂದು ನಾವು ಹೇಳಲಾರೆವು. ಹೋಟೆಲಿನಲ್ಲಿ ರುಬ್ಬುವ ಯಂತ್ರದ ಬೆಲ್ಟು ಹಾಕಲು ಬಲ್ಲವನನ್ನು ನಡುರಾತ್ರಿ ಎಬ್ಬಿಸುತ್ತಾರೆ, ಭತ್ಯದ ಮಾತೆತ್ತುವುದಿಲ್ಲ. ಆದ್ದರಿಂದ ಗೆರೆ ಎಳೆಯಬೇಕು. ಒರೆಸುವುದು, ಜಾಳಿಗೆ ತೊಳೆಯುವುದು, ಆಯಿಲ್ ನೋಡುವುದು, ಪ್ಲಗ್ಗು ಪರೀಕ್ಷಿಸುವುದು, ಬ್ಲೇಡು ಉಜ್ಜುವುದು ಇವು ಮಷೀನು ಓಡಿಸುವವನ ಕೆಲಸ. ಆದರೆ ಪಗಾರದ ವೇಳೆಯೊಳಗೆ. ಎಂಜಿನ್ ಬಿಚ್ಚುವುದು, ಫ್ಲೈವೀಲ್ ತೆಗೆಯುವುದು, ಕರೆಂಟಿನ ಮೋಟರಿಗೆ ಕೈ ಹಾಕುವುದು ಮಿಸ್ತ್ರಿಯ ಕೆಲಸ. ಅದನ್ನು ಮಾಲಿಯಿಂದ ಮಾಡಿಸುವುದಾದರೆ ಮಿಸ್ತ್ರಿಯ ಪಗಾರ ಕೊಡಲಿ. ಎರಡರ ನಡುವಿನ ಭೇದ ತಿಳಿಯದವನು ಗೆರೆ ಎಳೆಯಲಾರ. ಗೆರೆ ಎಳೆಯುವುದಕ್ಕಾದರೂ ಕಲಿಯಬೇಕು.

ನಾವು ಕೇಳುವುದು

ನಾವು ಕೇಳುವುದು ದೊಡ್ಡದೇನಲ್ಲ. ವಾರಕ್ಕೆ ಅರ್ಧ ಗಂಟೆ, ಪಗಾರದ ವೇಳೆಯಲ್ಲಿಯೇ, ಮಷೀನಿನ ಆರೈಕೆಗೆ ಬಿಡಬೇಕು. ಪ್ಲಗ್ಗಿನ ಪಾನಾ, ಒಂದು ಅರ, ಹೆಚ್ಚಿಗೆ ಒಂದು ಪ್ಲಗ್ಗು, ಒಂದು ಜಾಳಿಗೆ, ಆಯಿಲ್, ಇವು ಷೆಡ್ಡಿನಲ್ಲಿರಬೇಕು; ರಾಣಿಗಂಜಿನ ಅಂಗಡಿಗಳಲ್ಲಿ ಸಿಗದ ಸಾಮಾನುಗಳೇನಲ್ಲ. ಮಾಲಿಗೆ ಗಟ್ಟಿ ಬೂಟು, ಕೈಚೀಲ, ಕಣ್ಣಿಗೆ ಕನ್ನಡಕ ಕೊಡಬೇಕು. ಕೈಪಿಡಿಯ ಮುಖ್ಯ ಮಾತುಗಳನ್ನು ಕನ್ನಡ, ತೆಲುಗು, ಉರ್ದುಗಳಲ್ಲಿ ಬರೆದು ಷೆಡ್ಡಿನ ಗೋಡೆಗೆ ಅಂಟಿಸಬೇಕು. ಒಂದು ನೋಟುಬುಕ್ಕಿನಲ್ಲಿ ತಾರೀಖು, ಓಡಿದ ಗಂಟೆ, ಆಯಿಲ್ ಹಾಕಿದ ದಿನ, ಕಂಡ ದೋಷ, ಯಾರಿಗೆ ತಿಳಿಸಿದ್ದು, ಇಷ್ಟನ್ನೂ ಬರೆದಿಡಬೇಕು. ಈ ನೋಟುಬುಕ್ಕನ್ನು ಮಾಲೀಕರು ಕೊಡದಿದ್ದರೆ ನಾವೇ ಕೊಂಡುಕೊಳ್ಳೋಣ. ಪಗಾರ ಕಾಯುವ ಕಾವಲುಗಾರ ಅಷ್ಟು ಅಗ್ಗಕ್ಕೆ ಬೇರೆ ಸಿಗಲಾರ. ಗುತ್ತೇದಾರನ ಆಳಾದರೂ ಸರಿ, ಇ.ಎಸ್.ಐ. ಚೀಟಿ ತನ್ನ ಹೆಸರಿನಲ್ಲಿ ಇದೆಯೇ ಎಂದು ಪ್ರತಿಯೊಬ್ಬನೂ ಇಂದೇ ವಿಚಾರಿಸಲಿ. ಬೆರಳು ಹೋದ ಮೇಲೆ ಸನತ್‌ನಗರದ ಆಸ್ಪತ್ರೆಯ ಬಾಗಿಲಲ್ಲಿ ನಿಂತು ವಿಚಾರಿಸುವ ಮಾತಲ್ಲ ಅದು.

ಮಗ್ಗದ ಮುಂದೆ ನಿಂತವರಿಗೆ, ರುಬ್ಬುವ ಯಂತ್ರದ ಮುಂದೆ ನಿಂತವರಿಗೆ, ಬಾಯ್ಲರಿನ ಮುಂದೆ ನಿಂತವರಿಗೆ ಈ ಮಾತು ಅಷ್ಟೇ ಸಲ್ಲುತ್ತದೆ. ಯಂತ್ರ ಧಣಿಯದು, ನಿಜ. ಅದರ ಸದ್ದಿನಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ದಿನವೂ ಕೇಳುವ ಕಿವಿ ಮಾತ್ರ ಕೆಲಸಗಾರನದು. ಆ ಕಿವಿ ಕೇಳಿದ್ದನ್ನು ಬಾಯಿ ಧೈರ್ಯವಾಗಿ ಹೇಳಲಿ, ಕೈ ನೋಟುಬುಕ್ಕಿನಲ್ಲಿ ಬರೆಯಲಿ. ಮುಂದಿನ ತಿಂಗಳು ಯಾರ ಪಗಾರದಲ್ಲಾದರೂ ಮಷೀನಿನ ಹೆಸರಿನಲ್ಲಿ ಕಡಿತ ಕಂಡರೆ, ಚೀಟಿಯನ್ನೂ ನೋಟುಬುಕ್ಕನ್ನೂ ಹಿಡಿದು ಸಂಘಕ್ಕೆ ಬನ್ನಿ. ಒಬ್ಬನೇ ಹೋಗಿ ಬೇಡುವುದಕ್ಕಿಂತ ಹತ್ತು ಜನ ಹೋಗಿ ಲೆಕ್ಕ ಕೇಳುವುದು ಮೇಲು.